ಒಂದೂವರೆ ಸಾಲು

ಜನವರಿ 18

ಇವತ್ತಿನಿಂದ ಹೊಸ ಕೆಲಸ. ಪಂಚಾಯತಿನ ಹವಾಮಾನ ಕ್ರಿಯಾ ಯೋಜನೆಗೆ ಭಾಷಾಂತರಕಾರ್ತಿಯಾಗಿ ನನ್ನನ್ನೇ ತೆಗೆದುಕೊಂಡಿದ್ದಾರೆ. ತಾತ್ಕಾಲಿಕ ಕೆಲಸ, ಚೆನ್ನಾಗಿ ಮಾಡಿದರೆ ಮುಂದುವರಿಸುತ್ತಾರಂತೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಪೇಟೆಯಲ್ಲಿ ತುಳು, ಗಡಿನಾಡಾದ್ದರಿಂದ ಕಚೇರಿಗಳಲ್ಲಿ ಮಲಯಾಳ. ನಲವತ್ತಾರು ವರ್ಷ ಸುಮ್ಮನೆ ಆಡಿಕೊಂಡು ಬಂದದ್ದು ಈಗ ವಿದ್ಯೆಯಾಗಿ ಒದಗಿತು. ಗಂಡ ಬೆನ್ನಿಯ ಹತ್ತಿರ ಹೇಳಿದರೆ, "ಮನೆಯಲ್ಲಿ ನಾನು ಹೇಳಿದ್ದು ಮಾತ್ರ ನಿನಗೆ ಯಾವ ಭಾಷೆಯಲ್ಲೂ ಅರ್ಥ ಆಗುವುದಿಲ್ಲ" ಎಂದು ನಕ್ಕ. ಸೀತಾಂಗೋಳಿಯ ಅವನ ಎಲೆಕ್ಟ್ರಿಕಲ್ ಅಂಗಡಿಯಿಂದ ನನಗೊಂದು ಟೇಬಲ್ ಲ್ಯಾಂಪ್ ತಂದುಕೊಟ್ಟ.

ಯೋಜನೆ ಬರೆಯುವವರು ಸತ್ಯಶೀಲನ್ ಸರ್. ಕೊಲ್ಲಂ ಕಡೆಯವರು, ಸಂಭಾವಿತ, ಮಲಯಾಳ ಬಿಟ್ಟರೆ ಇಲ್ಲಿಯ ಯಾವ ಭಾಷೆಯೂ ಬರುವುದಿಲ್ಲ. ಪ್ರತಿ ವಾರ್ಡಿನಲ್ಲೂ ಸಭೆ. ಜನ ಹೇಳಿದ್ದನ್ನು ನಾನು ಅವರಿಗೆ ಹೇಳಬೇಕು, ಕೊನೆಗೆ ಒಂದು ಫಾರಂ ತುಂಬಬೇಕು. "ಶಬ್ದ ಶಬ್ದ ಬೇಡ ಮೇಡಂ, ಸಾರ ಹೇಳಿದರೆ ಸಾಕು" ಎಂದರು. ಸಾರ ತೆಗೆಯುವುದು ನನಗೆ ಚೆನ್ನಾಗಿ ಬರುತ್ತದೆ.

ಜನವರಿ 29

ಇವತ್ತಿನದು ಕುಂಟಾಲಪದವಿನ ಕೆಳಗಿನ ಕೊರಗರ ಕಾಲೊನಿಯ ಊರುಕೂಟ, ಅಂದರೆ ಅವರದೇ ಊರಸಭೆ. ಹನ್ನೊಂದು ಮನೆ, ಒಂದು ಸಮುದಾಯ ಭವನ, ಅದರಲ್ಲಿ ಮುರಿದ ಫ್ಯಾನು. ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಗುಡ್ಡದ ನೆತ್ತಿಯ ಈ ಪದವು. ಮೇಲೆ ಅರುವತ್ತು ಎಕರೆ ಬರೀ ಕೆಂಪು ಮುರಕಲ್ಲಿನ ಬಯಲು, ಕಾಗದದಲ್ಲಿ ಪಾಳುಭೂಮಿ. ಅಲ್ಲಿ ಸೋಲಾರ್ ಪಾರ್ಕ್ ಬರುತ್ತದೆ. ಒಳ್ಳೆಯ ವಿಷಯ. ಅದನ್ನು ಬೇಡ ಎನ್ನುವವರಾದರೂ ಯಾರು?

ಹತ್ತೂವರೆಗೆ ಎಂದದ್ದು ಶುರುವಾಗುವಾಗ ಹನ್ನೆರಡು. ಗಂಡಸರು ಯಾರೂ ಬಾಯಿ ಬಿಡಲಿಲ್ಲ. ಐತೆ ಎಂಬ ಒಬ್ಬಳು ಮುದುಕಿ ಎದ್ದಳು. ಬುಟ್ಟಿ ಹೆಣೆಯುವವಳು. ಕೈಮುಗಿದು ತುಳುವಿನಲ್ಲಿ, "ನೀವು ದೊಡ್ಡವರು, ನೀವು ಹೇಳಿದ ಹಾಗೆ ಆಗಲಿ" ಎಂದಳು. ಅಷ್ಟಕ್ಕೆ ಕೂತುಕೊಳ್ಳುತ್ತಾಳೆ ಅಂದುಕೊಂಡೆ. ಇಲ್ಲ. ಪದವಿನ ಮೇಲಿನ ಪಳ್ಳ ಎಂಬ ಕೆರೆಯಂಥ ಹೊಂಡ, ಬಳ್ಳಿ, ಅವಳ ಅಪ್ಪ, ಯಾವುದೋ ವರ್ಷದ ಮಳೆ, ಹೀಗೆ ಮುಕ್ಕಾಲು ಗಂಟೆ. ಕೆಳಮನೆಯ ಪೂವಪ್ಪ ಎಂಬವರು ನಡುನಡುವೆ "ಹೌದು, ಹೌದು" ಎಂದು ತಲೆಯಾಡಿಸುತ್ತಿದ್ದರು. ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತೆಗೆಯುವುದರಲ್ಲಿ ಅವರು ಈ ಕಡೆಗೆಲ್ಲ ಹೆಸರಾದವರಂತೆ. ನಾನು ಅಭ್ಯಾಸಬಲದಿಂದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಗೀಚಿಕೊಳ್ಳುತ್ತಲೇ ಇದ್ದೆ. ವಾರ್ಡ್ ಮೆಂಬರ್ ಹಿಂದಿನಿಂದ "ಬೇಗ ಮುಗಿಸಿ ಮಾರಾಯ್ರೆ, ಇನ್ನೊಂದು ಕಡೆ ಹೋಗ್ಲಿಕ್ಕುಂಟು" ಎಂದರು. ನಾನೂ, "ನೀನು ಸ್ವಲ್ಪ ಬೇಗ ಹೇಳು" ಎಂದು ಅವಳಿಗೆ ಎರಡು ಸಲ ಹೇಳಿದೆ.

ಕೊನೆಗೆ ಸರ್ ಕೇಳಿದರು, "ಆಕ್ಷೇಪ ಇದೆಯಾ, ಇಲ್ಲವಾ?" ಫಾರಂನಲ್ಲಿ ಎರಡೇ ಚೌಕ. ನೀವು ಹೇಳಿದ ಹಾಗೆ ಆಗಲಿ ಎಂದು ಅವಳೇ ಹೇಳಿದ್ದಾಳಲ್ಲ. 'ಇಲ್ಲ' ಎಂದೆ.

ಹಿಂದಿರುಗಿ ಬರುವಾಗ ಐತೆಯ ಸೊಸೆ ಸ್ಟೀಲ್ ಲೋಟದಲ್ಲಿ ನೀರು ತಂದಳು. ನನ್ನ ಬಾಟಲಿ ಬ್ಯಾಗಿನಲ್ಲಿತ್ತು, ಬೇಡವೆಂದೆ.

ಫೆಬ್ರವರಿ 20

ವರದಿ ಮುಗಿಯಿತು. ಸರ್ ಎಲ್ಲರೆದುರು, "ಇಷ್ಟು ಚೊಕ್ಕವಾಗಿ ಕೆಲಸ ಮಾಡಿದವರನ್ನು ನಾನು ಬೇರೆ ಪಂಚಾಯತಿನಲ್ಲಿ ನೋಡಿಲ್ಲ" ಎಂದರು. ಮುಖಪುಟದ ಹಿಂದೆ ನನ್ನ ಹೆಸರು ಬಂದಿದೆ. ಮಲಯಾಳ ಅಕ್ಷರದಲ್ಲಿ ಜೋಯ್ಸ್ ಎಂಬುದು ನೋಡಲು ಚೆಂದ. ಬೆನ್ನಿ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅಕ್ಕನಿಗೆ ಕಳಿಸಿದ.

ಮಾರ್ಚ್ 21

ಮನಸ್ಸು ಕೆಟ್ಟಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಪಂದನಾ ಎಂಬ ಹುಡುಗಿ ಕಚೇರಿಗೆ ಬಂದಳು. ಆ ಐತೆಯ ಮೊಮ್ಮಗಳು. ಬಿ.ಎ. ಆಗಿದೆ, ಪರಿಶಿಷ್ಟ ವರ್ಗದ ಇಲಾಖೆಯಲ್ಲಿ ಪ್ರಮೋಟರ್, ಕಾಲೊನಿಗೂ ಕಚೇರಿಗೂ ನಡುವೆ ಓಡಾಡುವ ಕೆಲಸ. ಊರುಕೂಟದ ದಿನ ತರಬೇತಿಗೆ ಹೋಗಿದ್ದಳಂತೆ. ಕೈಯಲ್ಲಿ ನಮ್ಮ ವರದಿ. ಅರುವತ್ತೆರಡನೇ ಪುಟ ತೆರೆದು ನನ್ನ ಟಿಫಿನ್ನಿನ ಪಕ್ಕದಲ್ಲಿಟ್ಟಳು.

"ಅಜ್ಜಿ ಎಷ್ಟು ಹೊತ್ತು ಮಾತಾಡಿದ್ದು ಮೇಡಂ?"

"ತುಂಬ ಹೊತ್ತು ಮಾತಾಡಿದ್ದಾಳೆ. ಯಾಕೆ?"

"ಇಲ್ಲಿ ಒಂದೂವರೆ ಸಾಲು ಉಂಟು."

ಅವಳೇ ಓದಿದಳು, ಸ್ವಚ್ಛ ಮಲಯಾಳದಲ್ಲಿ. 'ಪರಿಶಿಷ್ಟ ವರ್ಗದ ಮಹಿಳೆಯರು ಪದವಿನ ಜತೆಗಿನ ತಮ್ಮ ಭಾವನಾತ್ಮಕ ಸಂಬಂಧವನ್ನು ಹಂಚಿಕೊಂಡರು. ಯೋಜನೆಗೆ ಆಕ್ಷೇಪವಿಲ್ಲ.'

"ಅವಳೇ ಹಾಗೆ ಹೇಳಿದ್ದು. ನೀವು ಹೇಳಿದ ಹಾಗೆ ಆಗಲಿ ಅಂತ."

"ಅದು ಅಜ್ಜಿ ಯಾರ ಎದುರು ನಿಂತ್ರೂ ಹೇಳುವ ಮಾತು ಮೇಡಂ. ಅಷ್ಟು ಹೇಳದಿದ್ರೆ ನಮ್ಮವರಿಗೆ ಮುಂದೆ ಮಾತಾಡ್ಲಿಕ್ಕೇ ಬಿಡ್ತಿರ್ಲಿಲ್ಲ ಮೊದಲು. ಅದರ ನಂತರ ಹೇಳಿದ್ದು ಎಂತ ಅಂತ ನೀವು ಕೇಳ್ಲಿಲ್ವಾ?"

ನನಗೆ ಸಿಟ್ಟು ಬಂತು. ಸಾರ ಸಾಕು ಎಂದವರು ಸರ್, ಫಾರಂ ಮಾಡಿದ್ದು ಇನ್ಯಾರೋ. ನನ್ನನ್ನು ಕೇಳಲು ಇವಳು ಯಾರು? ಹಾಗೇ ಹೇಳಿದೆ. ಅವಳು ವರದಿ ಮಡಚಿಕೊಂಡು ಹೋದಳು. ಊಟ ಸೇರಲಿಲ್ಲ.

ಮಾರ್ಚ್ 22

ನೋಟ್‌ಬುಕ್ ಹುಡುಕಿ ಓದಿದೆ. ಎಂಟು ಪುಟ ಇದೆ. ನನ್ನದೇ ಅಕ್ಷರ, ಆದರೆ ಬರೆದದ್ದು ನೆನಪಿರಲಿಲ್ಲ. ಐತೆ ಹೇಳಿದ್ದು ಒಂದು ಕಡೆ ಹೀಗಿದೆ:

'ಬುಟ್ಟಿಯ ಬಳ್ಳಿ ಎಲ್ಲಿ ದಪ್ಪ ಬರ್ತದೋ ಅಲ್ಲಿ ಕಲ್ಲಿನ ಅಡಿಯಲ್ಲಿ ನೀರು ನಡೀತದೆ. ಪಳ್ಳದಿಂದ ನೀರಿಗೆ ಮೂರು ದಾರಿ. ಒಂದು ನಮ್ಮ ಸುರಂಗಕ್ಕೆ, ಒಂದು ಗದ್ದೆಗೆ, ಸಣ್ಣದೊಂದು ಪೂವಪ್ಪಣ್ಣನ ಮನೆಯ ಹಿಂದಿನ ಧರೆಗೆ, ಆ ಕಡಿದಾದ ಮಣ್ಣಿನ ಗೋಡೆಗೆ. ಪಳ್ಳ ಮುಚ್ಚಿದ್ರೆ ನೀರಿಗೆ ನಿಲ್ಲಲಿಕ್ಕೆ ಜಾಗ ಇಲ್ಲ. ಎಲ್ಲ ಒಟ್ಟಿಗೆ ಆ ಸಣ್ಣ ದಾರಿ ಹಿಡೀತದೆ, ಧರೆ ನಿಲ್ಲುದಿಲ್ಲ. ನಾನು ಸಣ್ಣವಳಿರುವಾಗ ಕಲ್ಲು ಕಡಿಯುವವರು ಪಳ್ಳಕ್ಕೆ ಮಣ್ಣು ಹಾಕಿದ್ರು. ಆ ವರ್ಷ ಅಲ್ಲಿಯೇ ಜಾರಿದೆ. ನನ್ನ ಅಪ್ಪ ಮತ್ತೆ ಮಣ್ಣು ತೆಗೆದು ಪಳ್ಳ ಬಿಡಿಸಿದ್ದು. ಕರೆಂಟು ಬೇಡ ಹೇಳುದಲ್ಲ. ಪಳ್ಳ ಒಂದು ಬಿಟ್ಟು ಮಾಡಿ.'

ಇದರಲ್ಲಿ ಭಾವನಾತ್ಮಕ ಎಂಬುದು ಎಲ್ಲಿದೆ?

ಮಾರ್ಚ್ 24

ಸತ್ಯಶೀಲನ್ ಸರ್‌ಗೆ ಫೋನ್ ಮಾಡಿದೆ. ವರದಿ ಮೇಲಕ್ಕೆ ಹೋಗಿ ಅನುಮೋದನೆಯಾಗಿದೆ, ಈಗ ತಿದ್ದುವ ಹಾಗಿಲ್ಲ ಎಂದರು. "ಅಲ್ಲಿ ನೀರಿನ ಹರಿವಿನ ಅಧ್ಯಯನ ಇಂಜಿನಿಯರುಗಳು ಮಾಡಿರುತ್ತಾರೆ ಮೇಡಂ. ನೀವು ಚಿಂತೆ ಮಾಡಬೇಡಿ." ಯಾವಾಗ ಮಾಡಿದ್ದು ಎಂದು ಕೇಳಿದೆ. ಹೋದ ಬೇಸಿಗೆಯಲ್ಲಿ, ಉಪಗ್ರಹದ ಚಿತ್ರ ನೋಡಿಕೊಂಡು ಮಾಡಿದ್ದು ಎಂದರು.

ಏಪ್ರಿಲ್ 11

ಪದವಿಗೆ ಜೆಸಿಬಿ ಬಂದಿದೆ ಎಂದು ಕೇಳಿ ಕಾಲೊನಿಗೆ ಹೋದೆ. ಸ್ಪಂದನಾ ನನ್ನನ್ನು ಕಂಡು ಒಳಗೆ ಹೋಗಿಬಿಟ್ಟಳು. ಐತೆ ಜಗಲಿಯಲ್ಲಿ ಬಳ್ಳಿ ಸೀಳುತ್ತಿದ್ದಳು. "ಬನ್ನಿ ಬಾಯಮ್ಮ, ಕೂತ್ಕೊಳ್ಳಿ" ಎಂದಳು. ಕ್ರಿಸ್ತುವರ ಹೆಂಗಸರನ್ನು ಇವರೆಲ್ಲ ಹಾಗೇ ಕರೆಯುವುದು. ನಾನು ಬಂದ ಕಾರಣ ಹೇಳಿದೆ. ತಪ್ಪಾಗಿದೆ ಎಂದೆ. ಅವಳು ಕತ್ತಿ ಕೆಳಗಿಟ್ಟು, "ಹಾಗಾದ್ರೆ ಒಮ್ಮೆ ನೋಡಿ ಬರುವ" ಎಂದಳು.

ಗುಡ್ಡ ಹತ್ತಲು ಅರ್ಧ ಗಂಟೆ. ನಾನು ನಾಲ್ಕು ಕಡೆ ಕೂತೆ, ಅವಳು ಎಲ್ಲೂ ಕೂರಲಿಲ್ಲ. ಪಾಳು ಎಂದು ನಾನೇ ಮಲಯಾಳದಲ್ಲಿ ಬರೆದ ಜಾಗ ಅದು. ಈ ಬಿಸಿಲಿಗೂ ಪಳ್ಳದ ನಡುವಿನಲ್ಲಿ ಕೆಸರು ಹಸಿಯಾಗಿತ್ತು, ಎರಡು ಎಮ್ಮೆ ಮಲಗಿದ್ದವು. ಅವಳು ಬರಿಗಾಲಿನಿಂದ ಕಲ್ಲು ಮೆಟ್ಟಿ, "ಇಲ್ಲಿ ತಂಪು ಉಂಟು ನೋಡಿ" ಎಂದಳು. ಚಪ್ಪಲಿ ಕಳಚಿ ನಾನೂ ಮೆಟ್ಟಿದೆ. ಸುಡುವ ಕಲ್ಲಿನ ನಡುವೆ ಒಂದು ಗೀಟಿನಷ್ಟು ಅಗಲ ನಿಜಕ್ಕೂ ತಂಪಾಗಿತ್ತು. ಆ ಗೀಟು ಹಿಡಿದೇ ಇಳಿದೆವು. ಅದು ಹೋಗಿ ಸೇರಿದ್ದು ಸುರಂಗದ ಬಾಯಿಗೆ. ಪೂವಪ್ಪಣ್ಣ ಅಲ್ಲಿ ಕಟ್ಟೆಯ ಕಸ ತೆಗೆಯುತ್ತಿದ್ದರು. "ಈ ಸುರಂಗ ಎಲ್ಲಿ ಕೊರೀಬೇಕು ಅಂತ ಹೇಳಿದ್ದು ಐತಕ್ಕನೇ. ನಾನು ಬರೀ ಪಿಕ್ಕಾಸಿನವ" ಎಂದು ನಕ್ಕರು. ಮೂವರೂ ಅದೇ ನೀರು ಕುಡಿದೆವು. ಮೇಲೆ ಯಂತ್ರದ ಸದ್ದು ಕೇಳುತ್ತಲೇ ಇತ್ತು.

ಹೊರಡುವಾಗ ಐತೆ ಒಂದು ಸಣ್ಣ ಬುಟ್ಟಿ ಕೊಟ್ಟರು. ಬೇಡ ಎಂದರೂ ಕೇಳಲಿಲ್ಲ.

ಏಪ್ರಿಲ್ 16

ಎಂಟು ಪುಟವನ್ನೂ ಮಲಯಾಳಕ್ಕೆ ಮಾಡಿ ಮುಗಿಸಿದೆ. ಸ್ಪಂದನಾ ಬಂದು ಜತೆಗೆ ಕೂತಳು. ಎರಡು ಕಡೆ ನನ್ನನ್ನು ತಿದ್ದಿದಳು. ಅರ್ಜಿಯಾಗಿ ಮೂರು ಕಚೇರಿಗಳಿಗೆ ಕೊಟ್ಟೆವು. ಮೂರರಲ್ಲೂ ಸೀಲು ಹಾಕಿದರು.

ಮೇ 7

ಪಳ್ಳಕ್ಕೆ ಮಣ್ಣು ತುಂಬಿಸಿ ಆಯಿತು. ಎಮ್ಮೆಗಳು ಅದರ ಮೇಲೆ ನಿಂತಿದ್ದವಂತೆ, ಓಡಿಸಿದರೂ ಹೋಗದೆ.

ಮೇ 25

ಅರ್ಜಿಗೆ ಉತ್ತರ ಬಂತು. 'ಊರುಕೂಟದಲ್ಲಿ ಆಕ್ಷೇಪ ಇರಲಿಲ್ಲವೆಂದು ದಾಖಲೆಯಿಂದ ಕಂಡುಬರುವುದರಿಂದ ಅರ್ಜಿಯನ್ನು ಪರಿಗಣಿಸುವ ಅಗತ್ಯವಿಲ್ಲ.' ನನ್ನ ಸಾಲನ್ನೇ ನನಗೆ ಕಳಿಸಿದ್ದಾರೆ.

ಜೂನ್ 15

ಎರಡು ದಿನದಿಂದ ಬಿಡದೆ ಮಳೆ. ಐತೆಯವರು ಸ್ಪಂದನಾಳ ಫೋನಿನಿಂದ ಮಾತಾಡಿದರು. ಸುರಂಗದಿಂದ ನೀರು ಬರುವುದು ನಿಂತಿದೆಯಂತೆ. ಇಂಥ ಮಳೆಗೂ ನೀರಿಲ್ಲ ಎಂದರೆ ಅದು ಬೇರೆ ದಾರಿ ಹಿಡಿದಿದೆ. ಪೂವಪ್ಪಣ್ಣನಿಗೆ ಮನೆ ಬಿಡಲು ಹೇಳಿದ್ದಾರೆ; ಅವರು ಹೆಂಡತಿ ದೇವಕಿಯಕ್ಕನನ್ನು ಆಕೆಯ ತಮ್ಮನ ಮನೆಗೆ ಕಳಿಸಿ, ದನ ಬಿಟ್ಟು ಬರುವುದು ಹೇಗೆಂದು ತಾವು ಅಲ್ಲೇ ಉಳಿದಿದ್ದಾರೆ. ನಾನು ವಾರ್ಡ್ ಮೆಂಬರಿಗೂ ಗ್ರಾಮ ಕಚೇರಿಗೂ ಫೋನ್ ಮಾಡಿದೆ. ನೋಡುತ್ತೇವೆ ಎಂದರು.

ಜೂನ್ 17

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಧರೆ ಜರಿದು ಬಂತು. ದನದ ಹಟ್ಟಿ, ಮನೆ, ಎರಡೂ ಹೋದವು. ಪೂವಪ್ಪಣ್ಣ ಇವತ್ತು ಹತ್ತು ಗಂಟೆಗೆ ಮಣ್ಣಿನಡಿಯಲ್ಲಿ ಸಿಕ್ಕಿದರು. ಕೈಯಲ್ಲಿ ದನದ ಹಗ್ಗ.

ಬರೆಯಲು ಆಗುವುದಿಲ್ಲ.

ಜೂನ್ 20

ಟಿವಿಯವರು ಬಂದಿದ್ದರು. ದೊಡ್ಡವರೊಬ್ಬರು ಕೊಡೆಯ ಕೆಳಗೆ ನಿಂತು, "ಇದು ಹವಾಮಾನ ಬದಲಾವಣೆ. ಇಂಥದ್ದನ್ನು ಯಾರೂ ಊಹಿಸಿರಲಿಲ್ಲ" ಎಂದರು. ಅವರ ಹಿಂದೆ, ಕ್ಯಾಮೆರಾದ ಚೌಕಟ್ಟಿನೊಳಗೇ, ಐತೆಯವರು ನಿಂತಿದ್ದರು. ಮೈಕು ಅವರ ಕಡೆ ತಿರುಗಲಿಲ್ಲ.

ಕಾಲೊನಿಯವರನ್ನೆಲ್ಲ ಸೀತಾಂಗೋಳಿಯ ಆಚೆ ಅನಂತಪುರದ ಹತ್ತಿರ ಬಾಡಿಗೆ ಕೋಣೆಗಳಿಗೆ ಸಾಗಿಸುತ್ತಾರಂತೆ.

ಜೂನ್ 30

ವಿಚಾರಣಾ ಸಮಿತಿ ಬಂದಿತ್ತು. ಪಂಚಾಯತ್ ಹಾಲಿನಲ್ಲಿ ಜನ ತುಂಬಿದ್ದರು. ಭಾಷಾಂತರಕ್ಕೆ ಎಂದಿನ ಹಾಗೆ ನಾನು, ಸಮಿತಿಯ ಮೇಜಿನ ಬದಿಯಲ್ಲಿ. ಬೆಳಿಗ್ಗೆ ಬೆನ್ನಿ, "ನೀನೇ ಹೇಳಬೇಕು ಅಂತ ಇಲ್ಲ, ನೋಟ್‌ಬುಕ್ ಸ್ಪಂದನಾಳ ಕೈಯಲ್ಲಿ ಕೊಟ್ಟರೂ ಆಗುತ್ತದೆ" ಎಂದಿದ್ದ. ನನಗೂ ಅಲ್ಲಿಯವರೆಗೆ ಹಾಗೇ ಅನ್ನಿಸಿತ್ತು.

ಸಮಿತಿಯ ಅಧ್ಯಕ್ಷೆ ಕೇಳಿದರು, "ಈ ಅಪಾಯ ಮೊದಲೇ ಯಾರಿಗಾದರೂ ಗೊತ್ತಿತ್ತೇ?" ಅದನ್ನು ತುಳುವಿನಲ್ಲಿ ಹೇಳಿದೆ. ಐತೆಯವರು ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದರು. ಆಗ ಎದ್ದು ನಿಂತೆ.

"ಗೊತ್ತಿತ್ತು," ಎಂದೆ, ಮಲಯಾಳದಲ್ಲಿ. "ಜನವರಿ ಇಪ್ಪತ್ತೊಂಬತ್ತಕ್ಕೆ ಊರುಕೂಟದಲ್ಲಿ ಐತೆಯವರು ಮುಕ್ಕಾಲು ಗಂಟೆ ಹೇಳಿದ್ದಾರೆ. ಯಾವ ಧರೆ, ಯಾರ ಮನೆ, ಯಾಕೆ, ಎಲ್ಲ ಹೇಳಿದ್ದಾರೆ. ಭಾಷಾಂತರ ಮಾಡಿದವಳು ನಾನು. ನಾನು ಅದನ್ನು ಹೇಳಲಿಲ್ಲ. ಆಕ್ಷೇಪ ಇಲ್ಲ ಅಂತ ಹೇಳಿದೆ."

ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಹಾಲಿನಲ್ಲಿ ಜನ ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ. ಅದನ್ನು ತುಳುವಿಗೆ ಮಾಡಿ ಹೇಳುವವಳೂ ನಾನೇ. ಮೊದಲ ಸಾಲಿನಲ್ಲಿ ದೇವಕಿಯಕ್ಕ ಕೂತಿದ್ದರು. ಅವರ ಕಡೆ ತಿರುಗಿ, ಒಂದು ಮಾತು ಬಿಡದೆ ಹೇಳಿದೆ. ಇಷ್ಟು ತಿಂಗಳಲ್ಲಿ ಇಷ್ಟು ಕಷ್ಟದ ಭಾಷಾಂತರ ಮಾಡಿರಲಿಲ್ಲ.

ದೇವಕಿಯಕ್ಕ ಎದ್ದು, ಸೆರಗು ಹೊದ್ದುಕೊಂಡು, ಬಾಗಿಲಿನಿಂದ ಹೊರಗೆ ಹೋದರು.

ಜುಲೈ 3

ನಾಳೆಯಿಂದ ಬರಬೇಕಾಗಿಲ್ಲ ಎಂದು ಕಚೇರಿಯಿಂದ ಫೋನ್. ಬೆನ್ನಿ, "ಅಂಗಡಿಯಲ್ಲಿ ಕೂತರೆ ಆಯ್ತು" ಎಂದ.

ಜುಲೈ 19

ದೇವಕಿಯಕ್ಕನನ್ನು ನೋಡಲು ಅವರ ತಮ್ಮನ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಒಳಗೆ ಇದ್ದರು.

ಆಗಸ್ಟ್ 2

ಸಮಿತಿಯವರ ಸ್ಥಳ ಪರಿಶೀಲನೆ. ನನ್ನನ್ನು ಕರೆದದ್ದು ಸಮಿತಿಯಲ್ಲ, ಐತೆಯವರು. ತನ್ನ ಮಾತನ್ನು ಬಾಯಮ್ಮನೇ ಹೇಳಬೇಕು ಎಂದು ಹಟ ಹಿಡಿದರಂತೆ. ಸ್ಪಂದನಾ ಫೋನಿನಲ್ಲಿ ಇದನ್ನು ಹೇಳುವಾಗ, "ನನಗೆ ಅರ್ಥ ಆಗ್ಲಿಲ್ಲ ಮೇಡಂ, ಆದ್ರೂ ಬನ್ನಿ" ಎಂದಳು. ನನಗೂ ಅರ್ಥವಾಗಲಿಲ್ಲ.

ಪದವು ಅಂಗೈಯ ಹಾಗೆ ಸಮವಾಗಿದೆ. ಜಲ್ಲಿ, ಕಂಬಿ, ಸಾಲು ಸಾಲು ಪ್ಯಾನೆಲ್. ಪಳ್ಳ ಎಲ್ಲಿತ್ತು ತೋರಿಸಿ ಎಂದರು. ಐತೆಯವರು ಸ್ವಲ್ಪ ದೂರ ನಡೆದರು, ನಿಂತರು, ತಿರುಗಿದರು, ಇನ್ನೊಂದು ಸಾಲಿಗೆ ಹೋದರು. ಅವರ ಕಾಲು ಹುಡುಕುತ್ತಿತ್ತು. ಎಲ್ಲ ಕಡೆ ಒಂದೇ ಜಲ್ಲಿ. ತುಂಬ ಹೊತ್ತಿನ ಮೇಲೆ, "ಈ ಜಾಗಕ್ಕೆ ನಾನು ಯಾವತ್ತೂ ಬಂದದ್ದೇ ಇಲ್ಲ" ಎಂದರು.

ಹಾಗೇ ಹೇಳಿದೆ. ಗುಮಾಸ್ತ ಹಾಗೇ ಬರೆದುಕೊಂಡ: ಸಾಕ್ಷಿ ಈ ಸ್ಥಳಕ್ಕೆ ಬಂದಿಲ್ಲ. ಕಾಗದ ನನ್ನ ಸಹಿಗೆ ಬಂತು.

"ಹಾಕುವುದಿಲ್ಲ," ಎಂದೆ. "ಇವರು ಮಾತು ಮುಗಿಸಿಲ್ಲ."

ಅಧ್ಯಕ್ಷೆ ಗಡಿಯಾರ ನೋಡಿದರು. "ಐತಕ್ಕ, ನೀವು ಸುರಂಗದ ಬಾಯಿಯಿಂದ ಮೇಲೆ ಬಂದ್ರೆ ಗೊತ್ತಾಗ್ತದಾ?" ಎಂದು ಕೇಳಿದೆ. ಅವರು ತಲೆಯಾಡಿಸಿದರು. ಮಳೆ ಹನಿಯುತ್ತಿತ್ತು. ಸಮಿತಿಯವರು ಜೀಪಿನಲ್ಲಿ ಕೂತರು. ನಮ್ಮ ಜತೆ ಗುಡ್ಡ ಇಳಿದದ್ದು ಸ್ಪಂದನಾ, ಮತ್ತೆ, ನಾನು ಎಣಿಸದಿದ್ದ ಸತ್ಯಶೀಲನ್ ಸರ್. ಬಿಳಿ ಶೂ ಕೆಸರಾಗಿ ಎರಡು ಸಲ ಜಾರಿ ಬಿದ್ದರು. ಸುರಂಗದ ಬಾಯಿ ಒಣಗಿತ್ತು. ಅಲ್ಲಿಂದ ಐತೆಯವರು ಬೆನ್ನು ಬಾಗಿಸಿ, ಉಳಿದ ಮರ, ಉಳಿದ ಕಲ್ಲು ಮುಟ್ಟಿಕೊಂಡು ಮೇಲೇರಿದರು. ಒಂದು ಕಡೆ ಮಣ್ಣು ಜಾರಿದ ಕೆಂಪು ಗಾಯದ ಅಂಚಿನಲ್ಲೇ ನಡೆಯಬೇಕಾಯಿತು. ಪದವಿನ ಮೇಲೆ ಏಳನೇ ಸಾಲಿನ ಒಂದು ಕಂಬದ ಬುಡದಲ್ಲಿ ನಿಂತು, "ಇಲ್ಲಿ" ಎಂದರು.

ಸರ್ ಮೊಬೈಲಿನಲ್ಲಿ ಆ ಜಾಗ ಗುರುತು ಮಾಡಿಕೊಂಡರು. ಪಳ್ಳ ಗುರುತಿಸಿದ್ದ ಹಳೆಯ ನಕ್ಷೆಯನ್ನು ಅದರ ಮೇಲಿಟ್ಟು ನೋಡಿದರು. ಹತ್ತು ಹೆಜ್ಜೆಯ ವ್ಯತ್ಯಾಸವೂ ಇರಲಿಲ್ಲ. ಆ ನಕ್ಷೆ ಅವರ ಹತ್ತಿರ ಜನವರಿಯಿಂದಲೂ ಇತ್ತು. ಅದನ್ನು ಅವರೇ ಹೇಳಿದರು, ನನ್ನ ಮುಖ ನೋಡದೆ.

ಆಗಸ್ಟ್ 28

ಸಮಿತಿಯ ವರದಿ ಬಂತು. ಸಾವಿಗೆ ಕಾರಣ ಅಸಾಧಾರಣ ಮಳೆ. ಯಾರದ್ದೂ ಲೋಪವಿಲ್ಲ. ಐತೆಯವರ ಎಂಟು ಪುಟ ಕೊನೆಯಲ್ಲಿ ಅನುಬಂಧವಾಗಿ ಸೇರಿದೆ, ಪೂರ್ತಿಯಾಗಿ. ಪೂರ್ವದ ಇಳಿಜಾರಿನಲ್ಲಿ ಸೋಲಾರ್ ಪಾರ್ಕಿನ ಎರಡನೇ ಹಂತದ ಕೆಲಸವನ್ನು ಸದ್ಯ ನಿಲ್ಲಿಸಬೇಕು ಎಂದಿದೆ. ಪಳ್ಳ ಬಿಡಿಸುವ ಬಗ್ಗೆ ಏನೂ ಇಲ್ಲ. ಕಾಲೊನಿಯವರು ಹಿಂದಕ್ಕೆ ಹೋಗುವುದು ಸುರಕ್ಷಿತವಲ್ಲ ಎಂದಿದೆ.

ಸ್ಪಂದನಾ ಅಜ್ಜಿಗೆ ಓದಿ ಹೇಳಿದಳಂತೆ. ಅವರು ಕೇಳಿದ್ದು ಒಂದೇ: ಇದನ್ನು ದೇವಕಿಗೂ ಯಾರಾದರೂ ಓದಿ ಹೇಳುತ್ತಾರಾ ಎಂದು. ಅದಕ್ಕಾಗಿ ನಾಡಿದ್ದು ಸ್ಪಂದನಾ ಹೋಗುತ್ತಾಳೆ. ನಾನು ಹೋಗುವ ಹಾಗಿಲ್ಲ.

ಸೆಪ್ಟೆಂಬರ್ 6

ಸತ್ಯಶೀಲನ್ ಸರ್ ಅಂಗಡಿಗೆ ಬಂದರು. ಅವರ ಕಾಗದಪತ್ರದ ಕೆಲಸವೆಲ್ಲ ಮುಗಿದಿದೆ, ನಾಳೆ ಊರಿಗೆ. ಐತೆಯವರನ್ನು ಒಮ್ಮೆ ನೋಡಬೇಕು, ನೀವು ಬರುತ್ತೀರಾ ಎಂದರು. ಅವರ ಕೈಯಲ್ಲಿ ಫಾರಂ ಇರಲಿಲ್ಲ.

ಅನಂತಪುರದ ಆ ಕೋಣೆಗೆ ಒಂದೇ ಕಿಟಕಿ, ಅದು ಒಂದು ಗೋಡೌನಿನ ಗೋಡೆಗೆ ತೆರೆಯುತ್ತದೆ. ಇಲ್ಲಿ ಸುತ್ತಿನಲ್ಲೆಲ್ಲೂ ಬಳ್ಳಿ ಇಲ್ಲ. ಪೆಟ್ಟಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಹೆಕ್ಕಿ ತಂದು ಐತೆಯವರು ಬುಟ್ಟಿ ಹೆಣೆಯುತ್ತಿದ್ದರು, ಹಳದಿ ಬಣ್ಣದ್ದು. ನಾವು ನೆಲದಲ್ಲಿ ಕೂತೆವು.

ಸರ್, "ಇನ್ನು ಮುಂದೆ ಅಲ್ಲಿ ನೀರು ಯಾವ ಕಡೆ ಹೋಗಬಹುದು, ಕೇಳುತ್ತೀರಾ?" ಎಂದರು. ಕೇಳಿದೆ.

ಐತೆಯವರು ಕೈಯ ಕೆಲಸ ನಿಲ್ಲಿಸಿದರು. "ನನ್ನ ಹತ್ರ ಒಂದು ವಿಷಯ ಅಂತ ಇವರು ಕೇಳಿದ್ದು ಇವತ್ತೇ" ಎಂದರು. ಆಮೇಲೆ ಹೇಳಿದರು, "ನನಗೀಗ ಗೊತ್ತಿಲ್ಲ ಬಾಯಮ್ಮ. ನಾನು ನೋಡಿದ ಪದವು ಅದಲ್ಲ. ನೀರು ಇನ್ನು ಹೊಸದಾಗಿ ದಾರಿ ಹುಡುಕ್ಬೇಕು. ಅದು ಹುಡುಕುವಾಗ ನೋಡ್ಲಿಕ್ಕೆ ಅಲ್ಲಿ ಜನ ಇರ್ಬೇಕಲ್ಲ. ನಮ್ಮನ್ನು ತಂದು ಇಲ್ಲಿ ಕೂರಿಸಿದ್ದಾರೆ."

ಒಂದು ಮಾತೂ ಬಿಡದೆ ಹೇಳಿದೆ. ಸರ್ ಬರೆದುಕೊಳ್ಳಲು ಪೆನ್ನು ತೆಗೆದವರು ಬರೆಯಲಿಲ್ಲ. ಅಷ್ಟರಲ್ಲಿ ಗೋಡೌನಿನ ತಗಡಿನ ಮೇಲೆ ಮಳೆ ಬಿದ್ದ ಸದ್ದಾಯಿತು. ಮೂವರೂ ಒಟ್ಟಿಗೆ ತಲೆ ಎತ್ತಿದೆವು.